ಇವತ್ತು ಬೇಡ, ನಾಳೆ

ಲಿಸ್ಲ್, ಇಲಿನಾಯ್
3 ಅಕ್ಟೋಬರ್ 1976

ಹಯ,

ಕವರಿನ ಮೇಲಿನ ಅಕ್ಷರ ಯಾರದೆಂದು ಗುರುತು ಸಿಕ್ಕ ಮೇಲೂ ಇದನ್ನು ಒಡೆದಿದ್ದೀಯಾದರೆ, ಅಷ್ಟರಮಟ್ಟಿಗೆ ನಾನು ಗೆದ್ದೆ. ನಾವಿಬ್ಬರೂ ಮಾತು ಬಿಟ್ಟು ಏಳೂವರೆ ವರ್ಷವಾಯಿತು. ಶನಿಮಹಾತ್ಮನೂ ಅಷ್ಟು ಹೊತ್ತಿಗೆ ಹೆಗಲಿಂದ ಇಳಿದು ಹೋಗುತ್ತಾನೆ. ನೀನು ಅವನಿಗಿಂತ ಗಟ್ಟಿ ಎಂದು ಬಲ್ಲೆ. ಆದರೂ ಒಂದು ಸಮಾಚಾರ ಹೇಳಿ ಮುಗಿಸುತ್ತೇನೆ, ಆಮೇಲೆ ಬೇಕಾದರೆ ಬುಟ್ಟಿಗೆ ಹಾಕು.

ಮೊನ್ನೆ ಶನಿವಾರ ನೇಪರ್‌ವಿಲ್‌ನ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಹಳೆಯ ಪೇಪರೊಂದನ್ನು ತಿರುವುತ್ತಿದ್ದೆ. ಸೈನ್ಯದಿಂದ ಪೂರ್ತಿ ಗೌರವವಿಲ್ಲದೆ ಬಿಡುಗಡೆಯಾದವರು ತಮ್ಮ ಕಾಗದವನ್ನು ಮತ್ತೆ ಪರಿಶೀಲಿಸಿ ಎಂದು ಅರ್ಜಿ ಹಾಕಿಕೊಳ್ಳಬಹುದಂತೆ. ವಿಚಾರಿಸುವ ಮಂಡಳಿ ವಾಷಿಂಗ್ಟನ್ನಿನಲ್ಲೇ ಕೂತಿರದೆ ಶಿಕಾಗೋಗೂ ಬರುತ್ತದಂತೆ. ನನ್ನ ಸರದಿ ಬರುವ ಮೊದಲೇ ಎದ್ದು ಮನೆಗೆ ಬಂದುಬಿಟ್ಟೆ. “ಹೇರ್‌ಕಟ್ ಎಲ್ರೀ?” ಎಂದಳು ಕೌಸಲ್ಯಾ. ಪೇಪರು ತೋರಿಸಿದೆ. ಓದಿದಳು. “ಹಯವದನ ಅವರಿಗೆ ಬರೀರಿ, ಇವತ್ತೇ” ಎಂದಳು. ನನ್ನ ಹೆಂಡತಿ ನಿನ್ನನ್ನು ನೋಡಿದ್ದು ಒಂದೇ ಸಲ, ಆ ದರಿದ್ರ ಯುಗಾದಿಯ ದಿನ. ಆದರೂ ಹಾಗೆಂದಳು.

ಸಿಸರೋದಲ್ಲಿ ಮಿಸೆಸ್ ನೊವಾಕ್ ಎಂಬ ಹೆಂಗಸು ಮಾಜಿ ಸೈನಿಕರಿಗೆ ಪುಕ್ಕಟೆಯಾಗಿ ಅರ್ಜಿ ಬರೆದುಕೊಡುತ್ತಾಳೆ. ಅರವತ್ತು ದಾಟಿದ ಗಟ್ಟಿ ಮುದುಕಿ. ಹೋಗಿ ಕಂಡೆ. “ಯಾವ ಶಿಬಿರದಲ್ಲಿದ್ದೆ?” ಎಂದಳು. ನಾನಲ್ಲ, ನನ್ನ ಗೆಳೆಯ ಎಂದೆ. “ಇಲ್ಲಿಗೆ ಬರೋರೆಲ್ಲ ಮೊದಲು ಗೆಳೆಯನ ಕಥೇನೇ ಹೇಳೋದು” ಎಂದು ಕುರ್ಚಿ ತೋರಿಸಿದಳು.

ಇನ್ನು ಹೇಳಲೇಬೇಕಾದ ಮಾತು. 1969ರ ಯುಗಾದಿಗೆ ಆನ್ ಆರ್ಬರಿನ ಹಾಲ್‌ನಲ್ಲಿ ನಲವತ್ತು ಜನ ಕನ್ನಡದವರ ಮುಂದೆ ನಾನು ನಿಂತು ಹೇಳಿದೆ: “ಊಟ ಮಾಡಪ್ಪ ಅಂತ ಸೈನ್ಯವೇ ಬೇಡಿಕೊಂಡ್ರೂ ಒಲ್ಲೆ ಅಂದು, ತಲೆ ಕೆಟ್ಟಿದೆ ಅಂತ ಚೀಟಿ ಬರೆಸಿಕೊಂಡು ಬಂದ ಮೊದಲನೇ ಮೈಸೂರಿನವನು ನಮ್ಮ ಹಯ!” ಎಲ್ಲರೂ ನಕ್ಕರು. ನೀನು ಒಬ್ಬಟ್ಟಿನ ತಟ್ಟೆಯನ್ನು ಮುಟ್ಟದೆ ಕೆಳಗಿಟ್ಟು ಎದ್ದು ಹೋದೆ. ಕಥೆ ಹೇಳುವ ಚಟ ನನ್ನದು. ಅಂದು ಯಾರ ಕಥೆ ಹೇಳುತ್ತಿದ್ದೇನೆಂಬುದನ್ನೇ ಮರೆತೆ. ಆ ತಟ್ಟೆ ಈಗಲೂ ಕಣ್ಣಿಗೆ ಕಟ್ಟಿದೆ.

ಉತ್ತರ ಬಾರದಿದ್ದರೂ ಮುಂದಿನ ತಿಂಗಳು ಮತ್ತೆ ಬರೆಯುವವನು,
ಚಂದ್ರಮೌಳಿ

*

ಡಿಯರ್‌ಬಾರ್ನ್, ಮಿಶಿಗನ್
28 ನವೆಂಬರ್ 1976

ಶ್ರೀ ಚಂದ್ರಮೌಳಿಯವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿದವು. ಮಿಸೆಸ್ ನೊವಾಕ್ ಅವರ ವಿಳಾಸ ಕಳಿಸಿ.

ಹಯವದನ

*

ಲಿಸ್ಲ್
2 ಡಿಸೆಂಬರ್ 1976

ಶ್ರೀಮಾನ್ ಹಯವದನ ಅವರಿಗೆ,

ವಿಳಾಸ ಈ ಪತ್ರದ ಹಿಂಬದಿಯಲ್ಲಿದೆ. ಮರದ ಮೇಲೆ ಕೂತು ಒಂದೇ ಸೀಬೆಹಣ್ಣನ್ನು ಕಚ್ಚಿ ಹಂಚಿಕೊಂಡವನು ‘ನೀವು’ ಎಂದು ಬರೆದದ್ದನ್ನು ಮೂರು ಸಲ ಓದಿದೆ. ನನಗೆ ತಕ್ಕದ್ದೇ.

ತಮ್ಮ ವಿಧೇಯ,
ಚಂದ್ರಮೌಳಿ

*

ಡಿಯರ್‌ಬಾರ್ನ್
17 ಜನವರಿ 1977

ಮೌಳಿ,

ನೀನು ಎರಡು ಸಲ ಸಿಸರೋಗೆ ಹೋಗಿ ನನ್ನ ಅರ್ಜಿಯ ಜೊತೆ ಕೂತಿದ್ದೆ ಎಂದು ನೊವಾಕ್ ಫೋನಿನಲ್ಲಿ ಹೇಳಿದರು. ಆದ್ದರಿಂದ ‘ನೀವು’ ಬಿಟ್ಟಿದ್ದೇನೆ. ಬೇರೆ ಅರ್ಥ ಹಚ್ಚಬೇಡ.

ಇಲ್ಲಿ ಸೊನ್ನೆಗಿಂತ ಕೆಳಗೆ ಹೋಗಿದೆ. ನಿಮ್ಮಲ್ಲಿ ನಿನ್ನೆ ಮೈನಸ್ ಹತ್ತೊಂಬತ್ತು ಎಂದು ರೇಡಿಯೋದಲ್ಲಿ ಕೇಳಿದೆ. ಕಾರು ಸ್ಟಾರ್ಟ್ ಆಗಲಿಲ್ಲ. ಮನೆಯಲ್ಲಿ ಕೂತು ನನ್ನ ಹಳೆಯ ಕಡತ ಓದಿದೆ. ಸೈನ್ಯದ ದಾಖಲೆಗಳ ನಕಲು ಹೋದ ಶುಕ್ರವಾರ ಬಂತು.

ನಿನಗೆ ಪೂರ್ತಿ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ನಾವಿಬ್ಬರೂ ಡೆಟ್ರಾಯಿಟಿನಲ್ಲಿ ಒಂದೇ ರೂಮಿನಲ್ಲಿದ್ದಾಗ ಗ್ರೀನ್ ಕಾರ್ಡ್ ಬಂದ ಖುಷಿಗೆ ನಾನು ಕೇಸರಿಬಾತ್ ಮಾಡಿದ್ದೆ. ಅದೇ ಕಾರ್ಡಿನ ಹಿಂದೆಯೇ ಸೈನ್ಯದ ಕರೆಯೂ ಬಂತು. 1968ರ ಜೂನಿನಲ್ಲಿ ಹೋದೆ. ಊರಿಗೆ ವಾಪಸು ಓಡಿಹೋಗು ಎಂದವರಿದ್ದರು. ಉಣ್ಣಲು ಬಂದ ಮನೆಯಲ್ಲಿ ಕೆಲಸ ಹೇಳಿದರೆ ಎದ್ದು ಹೋಗುವುದು ನನಗೆ ಸರಿ ಕಾಣಲಿಲ್ಲ. ದಕ್ಷಿಣದ ಆ ತರಬೇತಿ ಶಿಬಿರದಲ್ಲಿ ನಾನು ಗುರಿಯಿಟ್ಟು ಹೊಡೆಯುವುದರಲ್ಲಿ ನಮ್ಮ ತುಕಡಿಗೇ ಮೂರನೆಯವನು. ಇದು ನಿನಗೆ ಗೊತ್ತಿತ್ತೇ?

ಊಟಕ್ಕೆ ಬ್ರೆಡ್ಡು, ಆಲೂಗಡ್ಡೆ, ಹಾಲು. ಸಾಕಾಗುತ್ತಿತ್ತು. ಅಮ್ಮನಿಗೆ ಸೈನ್ಯದ ವಿಷಯ ಹೇಳಿರಲಿಲ್ಲ. ಕಂಪನಿಯ ಟ್ರೈನಿಂಗ್ ಎಂದಿದ್ದೆ. ಅವಳು ನಮ್ಮ ರೂಮಿಗೆ ಬರೆದ ಕಾಗದಗಳನ್ನು ನೀನೇ ವಿಳಾಸ ತಿದ್ದಿ ಕಳಿಸುತ್ತಿದ್ದೆ. ಅವುಗಳಲ್ಲೊಂದರಲ್ಲಿ ಮುಂದಿನ ಆರು ತಿಂಗಳ ಏಕಾದಶಿಗಳ ತಾರೀಕು ಬರೆದು, ‘ಬೇರೇನು ಬಿಟ್ಟರೂ ಇದೊಂದು ಬಿಡಬೇಡ’ ಎಂದಿದ್ದಳು. ಬಿಡಲಿಲ್ಲ. ಆ ದಿನಗಳಲ್ಲಿ ಅನ್ನವೂ ಇಲ್ಲ, ನೀರೂ ಇಲ್ಲ. ನಮ್ಮ ಕ್ರಮ ನಿನಗೆ ಗೊತ್ತಲ್ಲ. ಆಗಸ್ಟಿನಲ್ಲಿ ಅಂಥ ಒಂದು ದಿನವೇ ಹನ್ನೆರಡು ಮೈಲಿಯ ನಡಿಗೆ ಬಿತ್ತು. ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಒಂಬತ್ತನೆಯ ಮೈಲಿಯಲ್ಲಿ ಬಿದ್ದೆ.

ಕಡತದಲ್ಲಿ ಹೀಗಿದೆ. ಜುಲೈ 6: ಮೂರು ಹೊತ್ತೂ ಊಟ ನಿರಾಕರಿಸಿದ. ಜುಲೈ 20: ಕಣ್ಣಿಟ್ಟು ನೋಡಲಾಯಿತು; ಎರಡು ತಟ್ಟೆ ತಿಂದ. ಜುಲೈ 21: ನಿರಾಕರಿಸಿದ, ನೀರನ್ನೂ. ಆಗಸ್ಟ್ 5: ನಿರಾಕರಿಸಿದ, ನಡಿಗೆಯಲ್ಲಿ ಕುಸಿದ. ಆಗಸ್ಟ್ 6: ಬೆಳಗ್ಗೆ ಆರಕ್ಕೆ ಯಾರೂ ಹೇಳದೆ ಎದ್ದು ಚೆನ್ನಾಗಿ ತಿಂದ. ಆಗಸ್ಟ್ 19: ಆಸ್ಪತ್ರೆಯಲ್ಲಿ ಮತ್ತೆ ನಿರಾಕರಿಸಿದ, ಡ್ರಿಪ್ ಕಿತ್ತುಹಾಕಿದ. ಕೊನೆಗೆ ಡಾಕ್ಟರ ಷರಾ: ‘ಯಾಕೆಂದು ಕೇಳಿದರೆ ಪ್ರತಿಸಲವೂ “ಇವತ್ತು ಬೇಡ, ನಾಳೆ” ಎನ್ನುತ್ತಾನೆ. ಈ ಮಾತಿಗೆ ಅರ್ಥವಿಲ್ಲ. ಸ್ವಭಾವದ ವಿಕಾರ. ಸೇವೆಗೆ ಅನರ್ಹ.’ ಹೀಗೆ ನಾಲ್ಕನೆಯ ತಿಂಗಳಲ್ಲೇ ನನ್ನನ್ನು ಮನೆಗೆ ಕಳಿಸಿದರು. ಆನರಬಲ್ ಡಿಸ್ಚಾರ್ಜ್ ಅಲ್ಲ, ಅದರ ಕೆಳಗಿನ ಜನರಲ್ ಡಿಸ್ಚಾರ್ಜ್.

ಆ ಬಿಡುಗಡೆಯ ಕಾಗದದಲ್ಲಿ ಕಾರಣಕ್ಕೊಂದು ಸಂಕೇತದ ಅಂಕೆ ಇದೆ. ಅದರ ಅರ್ಥ ಹೊರಗಿನವರಿಗೆ ತಿಳಿಯದು ಎನ್ನುತ್ತಾರೆ. ಕೆಲಸ ಕೊಡುವವರಿಗೆಲ್ಲ ತಿಳಿದಿದೆ. ಮೂರು ಸಲ ಎಂಜಿನಿಯರ್ ಕೆಲಸ ಕೈಗೆ ಬಂದಂತೆಯೇ ಆಗಿ, ಕಾಗದ ನೋಡಿದ ಮೇಲೆ ಎದುರಿನವರ ಮುಖ ಬದಲಾಯಿತು. ಎಂಟು ವರ್ಷದಿಂದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೇರೆಯವರು ಯೋಚಿಸಿದ್ದಕ್ಕೆ ನಕ್ಷೆ ಬರೆದುಕೊಡುತ್ತಿದ್ದೇನೆ. ಅದೂ ಹೋಗಲಿ. ನನ್ನ ತಲೆ ಸರಿಯಿಲ್ಲವೆಂದು ಒಂದು ಸರ್ಕಾರದ ಮೊಹರಿನ ಕೆಳಗೆ ಬರೆದಿದೆ. ಅದು ಅಳಿಯಬೇಕು. ನನಗೆ ಬೇಕಾದದ್ದು ಅಷ್ಟೇ.

ಹಯವದನ

*

ಲಿಸ್ಲ್
23 ಜನವರಿ 1977

ಹಯ,

ನಿನ್ನ ಪತ್ರವನ್ನು ಕೌಸಲ್ಯಾಗೆ ಓದಿ ಹೇಳುತ್ತಿದ್ದಾಗ ನಮ್ಮ ಮಗಳು ಇಂದು ಆಟ ಬಿಟ್ಟು ಬಂದು ನಿಂತಿದ್ದಳು. ಆರು ವರ್ಷದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. “ವೈ ಡಿಡಂಟ್ ಹೀ ಜಸ್ಟ್ ಟೆಲ್ ದೆಮ್, ಅಪ್ಪ?” ಎಂದಳು. ಮಂಡಳಿಯವರೂ ಇದನ್ನೇ ಕೇಳುತ್ತಾರೆ, ಯೋಚಿಸಿಟ್ಟುಕೋ.

ಈಗ ಕೇಳು. ನೀನು ಊಟ ಬಿಟ್ಟ ದಿನಗಳೆಲ್ಲ ಏಕಾದಶಿ ಎಂದು ತೋರಿಸಿದರೆ ಆಯಿತಲ್ಲ! ವಿಕಾರ ಎಲ್ಲಿಂದ ಬಂತು? ಹದಿನೈದು ದಿನಕ್ಕೊಮ್ಮೆ ಬಂದು ಮರುದಿನ ಬೆಳಗ್ಗೆ ಆರಕ್ಕೆ ಸರಿಯಾಗಿ ಬಿಟ್ಟುಹೋಗುವ ಹುಚ್ಚು ಯಾವ ಲೋಕದಲ್ಲಿದೆ? ಬೇಕಾದದ್ದು ಆ ವರ್ಷದ ಪಂಚಾಂಗ. ಕೌಸಲ್ಯಾ ಮದುವೆಯಾಗಿ ಬಂದದ್ದು 1968ರ ಕೊನೆಗೆ. ಅವರಪ್ಪ ಅವಳ ಟ್ರಂಕಿನ ತಳದಲ್ಲಿ ಅರಿಶಿನದ ಬೇರು, ಒಂದು ಹಿಡಿ ಅಕ್ಷತೆ, ಆ ವರ್ಷದ ಕೈಪಂಚಾಂಗ ಇಟ್ಟು ಕಳಿಸಿದ್ದರು. ಇಬ್ಬರೂ ನೆಲಮಾಳಿಗೆಗೆ ಓಡಿ ಟ್ರಂಕು ಬೋರಲು ಹಾಕಿದೆವು. ಇತ್ತು! ಕೀಲಕ ಸಂವತ್ಸರ!

ಜುಲೈ 6, ಏಕಾದಶಿ. ಸರಿ. ಆಗಸ್ಟ್ 5, ಸರಿ. ಆಗಸ್ಟ್ 19, ಅದೂ ಸರಿ. ಆದರೆ ಜುಲೈನ ಎರಡನೆಯದು ಇಪ್ಪತ್ತೊಂದಲ್ಲ ಹಯ, ಇಪ್ಪತ್ತು. ಕನ್ನಡಕ ಒರೆಸಿ ಒರೆಸಿ ನೋಡಿದೆ. ಇಪ್ಪತ್ತರಂದು ನೀನು ಎರಡು ತಟ್ಟೆ ತಿಂದೆ ಎಂದು ಅವರ ಕಡತವೇ ಹೇಳುತ್ತದೆ. ನೊವಾಕ್‌ಗೆ ಫೋನು ಮಾಡಿದೆ. “ಆ ಒಂದು ದಿನ ಸಾಕು. ವ್ರತದ ದಿನ ಎರಡು ತಟ್ಟೆ ತಿಂದವನು ಧರ್ಮದ ನೆಪ ಈಗ ಹುಡುಕಿಕೊಂಡ ಅಂತಾರೆ” ಎಂದಳು.

ನೆನಪು ಮಾಡಿಕೊ. ಆ ದಿನ ಮರೆತು ತಿಂದೆಯಾ? ನನ್ನ ಹತ್ತಿರ ಏನು ಸಂಕೋಚ?

ಮೌಳಿ

*

ಡಿಯರ್‌ಬಾರ್ನ್
29 ಜನವರಿ 1977

ಮೌಳಿ,

ಅಮ್ಮ ಬರೆದ ಪಟ್ಟಿಯಲ್ಲಿ ಇದ್ದದ್ದು ಇಪ್ಪತ್ತೊಂದು. ನಾನು ಉಪವಾಸ ಇದ್ದದ್ದು ಇಪ್ಪತ್ತೊಂದರಂದು. ಆ ಕಾಗದ ಶಿಬಿರದಲ್ಲೇ ಕಳೆದುಹೋಯಿತು. ನೀನೇ ನಂಬದಿದ್ದರೆ ಮಂಡಳಿಯ ಐದು ಜನ ಯಾಕೆ ನಂಬುತ್ತಾರೆ?

ಅರ್ಜಿಯನ್ನು ವಾಪಸು ತೆಗೆದುಕೊಳ್ಳಲು ನೊವಾಕ್‌ಗೆ ಹೇಳು. ನಿನಗೆ ಇನ್ನೊಂದು ಹಾಸ್ಯದ ಕಥೆ ಸಿಕ್ಕಿತು.

ಹಯವದನ

*

ಲಿಸ್ಲ್
5 ಫೆಬ್ರವರಿ 1977

ಹಯ, ಹಯ, ಹಯ,

ನೊವಾಕ್‌ಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡಿದ್ದೇನೆ. ಕೇಳು.

ಇವತ್ತು ಬೆಳಗ್ಗೆ ಹಿಮ ಸರಿಸಲು ಸಲಿಕೆ ಹಿಡಿದು ನಿಂತವನು, ನಿನ್ನ ಪತ್ರದ ಕೊನೆಯ ಸಾಲು ಚುಚ್ಚುತ್ತಿದ್ದುದರಿಂದ, ನಿನ್ನ ಬಗ್ಗೆ ನನಗೆ ಗೊತ್ತಿರುವ ಕಥೆಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದೆ. ಕಪಿಲೆಯ ದಡದ ನಮ್ಮೂರು ಕಣ್ಣ ಮುಂದೆ ಬಂತು. ಮೇಲಿನ ಬೀದಿಯಲ್ಲಿ ನೀವು ಮಾಧ್ವರು, ಕೆಳಗಿನ ಬೀದಿಯಲ್ಲಿ ನಾವು ಸ್ಮಾರ್ತರು. ವರ್ಷಕ್ಕೆ ನಾಲ್ಕಾರು ಸಲ ನಮ್ಮ ಎರಡು ಬೀದಿಗಳಿಗೆ ಏಕಾದಶಿ ಬೇರೆ ಬೇರೆ ದಿನ ಬರುತ್ತಿತ್ತಲ್ಲವೇನೋ! ಬೆಳಗಿನ ಜಾವಕ್ಕೆ ದಶಮಿ ಎಳ್ಳಷ್ಟು ಸೋಕಿದ್ದರೂ ನಿಮ್ಮವರು ಆ ದಿನವನ್ನು ಬಿಟ್ಟು ಮಾರನೆಯ ದಿನ ಹಿಡಿಯುವರು. ನಮ್ಮವರು ಅಷ್ಟು ನೋಡುವವರಲ್ಲ. ನಾವಿಬ್ಬರು ಹೊಟ್ಟೆಬಾಕರು ಅದಕ್ಕಾಗಿಯೇ ಕಾಯುತ್ತಿದ್ದೆವು. ನಮ್ಮ ಮನೆಯ ಒಲೆ ತಣ್ಣಗಿದ್ದ ದಿನ ನಿಮ್ಮ ಮನೆಯಲ್ಲಿ ನನಗೆ ಊಟ. ನಿಮ್ಮದು ತಣ್ಣಗಿದ್ದ ದಿನ ನಮ್ಮ ಹಿತ್ತಲಲ್ಲಿ ಕದ್ದು ನಿನಗೆ ಹುಳಿಯನ್ನ. ಎಂಟನೆಯ ವಯಸ್ಸಿನಲ್ಲಿ ನಿಮ್ಮಮ್ಮ ನಿನ್ನ ಕೈ ಮೂಸಿ ನೋಡಿ ಹಿಡಿದುಬಿಟ್ಟರು. ಬೈಯಲಿಲ್ಲ. “ಜನಿವಾರ ಬೀಳೋವರೆಗೂ ತಿಂದ್ಕೊ. ಆಮೇಲೆ ಪ್ರಾಣ ಹೋದ್ರೂ ಬಿಡ್ಬೇಡ” ಎಂದರು. ಜನಿವಾರ ಬಿದ್ದ ಮೇಲೆ ನೀನು ಒಂದು ದಿನವೂ ನಮ್ಮ ಹಿತ್ತಲಿಗೆ ಬರಲಿಲ್ಲ. ನಾನೊಬ್ಬನೇ ತಿಂದೆ.

ಕೌಸಲ್ಯಾಳ ಕೈಪಂಚಾಂಗ ನಮ್ಮ ಸ್ಮಾರ್ತರದು! ನಮ್ಮ ದಿನ ಹಿಡಿದುಕೊಂಡು ನಿನ್ನ ವ್ರತವನ್ನು ಅಳೆದೆನಲ್ಲ, ನನ್ನಂಥ ಮಡ್ಡಿ ಇದ್ದಾನೆಯೇ? ಹತ್ತು ವರ್ಷ ಅಮೆರಿಕದಲ್ಲಿ ತಿಂಗಳಿಗೆ ಮೂವತ್ತು ದಿನವೂ ಉಂಡವನಿಗೆ ಏಕಾದಶಿ ಎರಡು ಎಂಬುದೇ ಮರೆತಿತ್ತು.

ನಿಮ್ಮ ಮಠದ ಪಂಚಾಂಗ ಬೇಕು, ಆ ವರ್ಷದ್ದು. ಅದಿರುವುದು ನಿಮ್ಮಮ್ಮನ ಹತ್ತಿರವೇ. ಅವರಿಗೆ ಬರೆ. ಬರೆಯಬೇಕಾದರೆ ಸೈನ್ಯದ ವಿಷಯ ಹೇಳಬೇಕಾಗುತ್ತದೆ, ಗೊತ್ತು. ಒಂಬತ್ತು ವರ್ಷ ನುಂಗಿಕೊಂಡದ್ದನ್ನು ಉಗುಳುವುದು ಹನ್ನೆರಡು ಮೈಲಿ ನಡೆದದ್ದಕ್ಕಿಂತ ಕಷ್ಟ. ಆದರೂ ಬರೆ.

ಮೌಳಿ

*

ಡಿಯರ್‌ಬಾರ್ನ್
12 ಫೆಬ್ರವರಿ 1977

ಅಮ್ಮ,

ನಾನು, ನಿನ್ನ ಸೊಸೆ ಪದ್ಮಜಾ ಚೆನ್ನಾಗಿದ್ದೇವೆ. ಮೈಸೂರಿನಲ್ಲಿ ತಂಗಿ ಛಾಯಾಳ ಮಕ್ಕಳು ನಿನ್ನನ್ನು ಹೆಚ್ಚು ಗೋಳಾಡಿಸುತ್ತಿಲ್ಲ ಎಂದುಕೊಂಡಿದ್ದೇನೆ.

ಕೀಲಕ ಸಂವತ್ಸರದ ನಮ್ಮ ಪಂಚಾಂಗ ನಿನ್ನ ಹತ್ತಿರ ಇದೆಯೇ? ಇದ್ದರೆ ಏರ್‌ಮೇಲಿನಲ್ಲಿ ಕಳಿಸು.

ಯಾಕೆಂದರೆ, ಆ ವರ್ಷ ನಾನು ಕಂಪನಿಯ ಟ್ರೈನಿಂಗಿಗೆ ಹೋಗಿರಲಿಲ್ಲ. ಇಲ್ಲಿಯ ಸೈನ್ಯಕ್ಕೆ ಹೋಗಿದ್ದೆ. ಅಲ್ಲಿ ಏಕಾದಶಿ ಮಾಡಿದ್ದಕ್ಕೆ ನನ್ನ ತಲೆ ಸರಿಯಿಲ್ಲವೆಂದು ಬರೆದು ಕಳಿಸಿದರು. ಅದನ್ನು ಈಗ ಅಳಿಸಬೇಕಾಗಿದೆ. ನಿನಗೆ ಹೇಳದೆ ಇದ್ದದ್ದು ತಪ್ಪು. ಈ ನಾಲ್ಕು ಸಾಲು ಬರೆಯಲು ಎರಡು ದಿನ ಬೇಕಾಯಿತು.

ಹಯ

*

ಮೈಸೂರು
1 ಮಾರ್ಚ್ 1977

ಹಯ,

ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ಮೊದಲು ಅದನ್ನು ತಿಳಿದುಕೊಂಡು ಆಮೇಲೆ ಮುಂದೆ ಓದು.

ಪಂಚಾಂಗ ಇದರ ಜೊತೆಗಿದೆ. ಬೇರೆ ವರ್ಷದವನ್ನೆಲ್ಲ ಯುಗಾದಿ ಆದ ಮೇಲೆ ಕೆರೆಗೆ ಬಿಟ್ಟಿದ್ದೇನೆ. ಇದೊಂದನ್ನು ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಯಾಕೆ ಅಂತ ಪುಟ ತಿರುವಿದರೆ ನಿನಗೇ ತಿಳಿಯುತ್ತದೆ. ನಿನ್ನ ಕಾಗದ ಬಂದ ದಿನ, ಬಾರದ ದಿನ ಅಂಚಿನಲ್ಲಿ ಬರೆಯುವ ಅಭ್ಯಾಸ ನನಗೆ.

ಜುಲೈ 21ರ ಪಕ್ಕ ನೋಡು. ‘ಏಕಾದಶಿ. ಹಯ ಎಲ್ಲಿದ್ದರೂ ಇವತ್ತು ಉಪವಾಸ ಇರ್ತಾನೆ’ ಅಂತ ಬರೆದಿದ್ದೇನೆ. ಅದರ ಹಿಂದಿನ ದಿನ ಕೆಳಬೀದಿಯವರ ಏಕಾದಶಿ, ನಮ್ಮದಲ್ಲ. ಆಮೇಲೆ ಸೆಪ್ಟೆಂಬರ್ 2 ನೋಡು. ‘ಹಯನ ಕಾಗದ. ಮಿಲಿಟರಿ ಆಸ್ಪತ್ರೆ ಸೀಲು. ಯಾರಿಗೂ ಹೇಳಬಾರದು.’ ನೀನು ಆಸ್ಪತ್ರೆಯಿಂದ ಒಂದೇ ಒಂದು ಕಾಗದ ನೇರವಾಗಿ ಹಾಕಿದ್ದೆ ನೋಡು, ಅದು. ಒಳಗೆ ‘ಟ್ರೈನಿಂಗ್ ಚೆನ್ನಾಗಿದೆ’ ಅಂತ ಇತ್ತು. ಹೊರಗೆ ಸೀಲು ಇತ್ತು. ಪೋಸ್ಟ್ ಮಾಸ್ಟರ್ ಸತ್ಯನಾರಾಯಣರಾಯರು ಓದಿ ಹೇಳಿದರು. ಅವರಿಂದಲೂ ಆಣೆ ಹಾಕಿಸಿಕೊಂಡೆ.

ನಿನಗೆ ಹೇಳಬೇಕು ಅನಿಸಿದ ದಿನ ಹೇಳ್ತಾನೆ ಅಂತ ಸುಮ್ಮನಿದ್ದೆ. ಒಂಬತ್ತು ವರ್ಷ ಆಯ್ತು ಅಷ್ಟೆ.

ನಿನ್ನ ತಲೆ ಸರಿಯಾಗಿಯೇ ಇದೆ, ನಾನು ಹೆತ್ತದ್ದು. ಮೌಳಿಗೆ ಹೇಳು, ಅವನ ಕೈಯನ್ನೂ ನಾನು ಮೂಸಿದ್ದೆ. ಅವನಿಗೆ ಹೇಳಿರಲಿಲ್ಲ ಅಷ್ಟೆ. ಪಂಚಾಂಗದ ಕೆಲಸ ಆದ ಮೇಲೆ ಮರೆಯದೆ ವಾಪಸು ಕಳಿಸು.

ಅಮ್ಮ

*

ಡಿಯರ್‌ಬಾರ್ನ್
2 ಏಪ್ರಿಲ್ 1977

ಮೌಳಿ,

ಪಂಚಾಂಗ ಬಂತು. ಅಮ್ಮನ ಕಾಗದದ ಪ್ರತಿ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ, ಓದು. ನಾನು ಓದುತ್ತ ಓದುತ್ತ ನಿಲ್ಲಿಸಿದಾಗ ಪದ್ಮಜಾ ತೆಗೆದುಕೊಂಡು ಮುಂದಕ್ಕೆ ಗಟ್ಟಿಯಾಗಿ ಓದಿದಳು.

ವಿಚಾರಣೆ ಏಪ್ರಿಲ್ 29, ಶುಕ್ರವಾರ, ಬೆಳಗ್ಗೆ ಹತ್ತಕ್ಕೆ. ನನ್ನನ್ನು ಚಿಕ್ಕಂದಿನಿಂದ ಬಲ್ಲ ಒಬ್ಬ ಸಾಕ್ಷಿ ಬೇಕು ಎಂದರು ನೊವಾಕ್.

ನನ್ನ ಕಥೆ ಹೇಳಲು ಬರುತ್ತೀಯಾ? ಇನ್ನೊಂದು ಸಲ?

ಹಯ

*

ಲಿಸ್ಲ್
1 ಮೇ 1977

ಅಂಬುಜಮ್ಮನವರಿಗೆ ಕೆಳಬೀದಿಯ ಮೌಳಿಯ ಅಡ್ಡಬಿದ್ದ ನಮಸ್ಕಾರ.

ಹಯ ನಿಮಗೆ ಬರೆದರೆ ‘ವಿಚಾರಣೆ ಆಯಿತು’ ಎಂದು ಎರಡು ಪದದಲ್ಲಿ ಮುಗಿಸಿಬಿಡುತ್ತಾನೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಕಾಲು ಚಾಚಿ ಕೂತು ಓದಿ.

ಶಿಕಾಗೋದ ನಡುವೆ ಆಕಾಶ ಮುಟ್ಟುವ ಒಂದು ಕಪ್ಪು ಕಟ್ಟಡ. ಅದರೊಳಗೊಂದು ಕೋಣೆ. ಉದ್ದ ಮೇಜಿನ ಆ ಕಡೆ ಐದು ಜನ ಅಧಿಕಾರಿಗಳು, ಎದೆಯ ತುಂಬ ಪಟ್ಟಿ ಪದಕ. ನಡುವೆ ಕೂತವನು ಕರ್ನಲ್, ನರೆತ ಹುಬ್ಬಿನವನು. ಪಕ್ಕದಲ್ಲಿ ಒಬ್ಬ ಮೇಜರ್, ಅವನು ಡಾಕ್ಟರು. ಈ ಕಡೆ ನಿಮ್ಮ ಮಗ, ನಾನು, ಮಿಸೆಸ್ ನೊವಾಕ್. ಹಯ ನಿಮ್ಮ ಪಂಚಾಂಗವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಂದಿದ್ದ. ನೊವಾಕ್ ಅದರ ಪುಟಗಳಿಗೂ ಅಂಚಿನ ನಿಮ್ಮ ಅಕ್ಷರಕ್ಕೂ ಇಂಗ್ಲಿಷ್ ಮಾಡಿಸಿ ನೋಟರಿಯ ಸೀಲು ಹಾಕಿಸಿದ್ದಳು.

ನನ್ನನ್ನು ಎಬ್ಬಿಸಿದರು. ಎಂಟು ವರ್ಷದ ಹಿಂದೆ ಇದೇ ಕಥೆಯನ್ನು ಜನರನ್ನು ನಗಿಸಲು ಹೇಳಿ ನಿಮ್ಮ ಮಗನನ್ನು ಕಳೆದುಕೊಂಡಿದ್ದೆ. ಈ ಸಲ ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ಬೀದಿ, ಎರಡು ಏಕಾದಶಿ, ಹಿತ್ತಲಿನ ಹುಳಿಯನ್ನ, ನೀವು ಕೈ ಮೂಸಿದ್ದು, ಜನಿವಾರವಾದ ಮೇಲೆ ಅವನು ಬಾರದೆ ಹೋದದ್ದು. ಕೈ ಮೂಸಿದ್ದು ಕೇಳಿ ಕರ್ನಲ್ ನಕ್ಕ. “ನಮ್ಮಜ್ಜೀನೂ ಹಾಗೇ ಮಾಡ್ತಿದ್ಲು. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಸಾಸೇಜ್ ಕದ್ರೆ” ಎಂದ.

ಮೇಜರ್ ಮಾತ್ರ ನಗಲಿಲ್ಲ. ನಿಮ್ಮ ಪಂಚಾಂಗದ ತಾರೀಕುಗಳನ್ನೂ ಕಡತವನ್ನೂ ಪಕ್ಕಪಕ್ಕ ಇಟ್ಟು ಪೆನ್ಸಿಲಿನಿಂದ ಒಂದೊಂದಾಗಿ ಗುರುತು ಹಾಕಿದ. ನಾಲ್ಕಕ್ಕೆ ನಾಲ್ಕೂ ಕೂಡಿದವು. ಆಮೇಲೆ ತಲೆ ಎತ್ತಿದ. “ಭಾರತ ನಮಗಿಂತ ಅರ್ಧ ದಿನ ಮುಂದೆ. ಚಂದ್ರನ ಲೆಕ್ಕದಲ್ಲಿ ನೀನು ತಪ್ಪು ದಿನ ಉಪವಾಸ ಇದ್ದ ಹಾಗಾಗಲಿಲ್ವೆ?” ಎಂದ. ನಿಮ್ಮ ಮಗ ಏನೆಂದ ಗೊತ್ತೇ? “ಸರ್, ನಾನು ಚಂದ್ರನ್ನ ಕೇಳ್ಲಿಲ್ಲ. ನಮ್ಮಮ್ಮ ಬರೆದ ತಾರೀಕು ಹಿಡಿದೆ.” ಕರ್ನಲ್ ಮೇಜು ಕುಟ್ಟಿದ. “ಮೇಜರ್, ಸೈನ್ಯದಲ್ಲಿ ಇದಕ್ಕೆ ಆರ್ಡರ್ ಪಾಲಿಸೋದು ಅಂತಾರೆ!”

ಕೊನೆಗೆ ನಾನು ಹೆದರಿದ್ದ ಪ್ರಶ್ನೆ ಬಂತು, ನನ್ನ ಆರು ವರ್ಷದ ಮಗಳು ಕೇಳಿದ್ದೇ. “ಇಷ್ಟೆಲ್ಲ ಇದ್ದೂ ಆಗಲೇ ಯಾಕೆ ಹೇಳ್ಲಿಲ್ಲ?”

ಹಯ ಎದ್ದು ನಿಂತ. “ನಮ್ಮ ತುಕಡಿಯಲ್ಲಿ ಇಬ್ಬರು ತಮ್ಮ ಧರ್ಮದ ಮಾತೆತ್ತಿದ್ರು, ಸರ್. ಬಂದೂಕಿಗೆ ಹೆದರಿದ ಪುಕ್ಕಲರು ಅಂತ ಎಲ್ಲರೂ ಆಡಿಕೊಂಡ್ರು. ನಾನು ಹೆದರಿರಲಿಲ್ಲ. ಬಂದೂಕು ಬೇಡ ಅಂದವನಲ್ಲ, ನಡಿಗೆ ಬೇಡ ಅಂದವನಲ್ಲ. ಒಂದು ದಿನದ ಊಟ ಬೇಡ ಅಂದೆ. ಅದನ್ನ ನೆಪ ಅಂದ್ಕೋತಾರೆ ಅಂತ ಬಾಯಿ ಬಿಡಲಿಲ್ಲ.”

ಸ್ವಲ್ಪ ವಿರಾಮ ಕೊಟ್ಟರು. ಒಬ್ಬ ಸಿಪಾಯಿ ಕಾಫಿ, ಡೋನಟ್ ತಂದಿಟ್ಟ. ಕರ್ನಲ್ ತಾನೇ ಒಂದು ಕಪ್ಪು ಹಿಡಿದು ಹಯನ ಮುಂದೆ ಚಾಚಿದ. “ತಗೋ, ಮಗನೇ. ದೂರದಿಂದ ಬಂದಿದ್ದೀಯ.”

ಹಯ ತಲೆ ತಗ್ಗಿಸಿ, “ನಾಟ್ ಟುಡೇ, ಸರ್. ಟುಮಾರೋ” ಎಂದ.

ಅಮ್ಮ, ಅಂದು ಏಕಾದಶಿ! ವೈಶಾಖ ಶುದ್ಧ ಏಕಾದಶಿ, ಎರಡು ಬೀದಿಗಳಿಗೂ ಒಂದೇ ದಿನ! ಪುಣ್ಯಾತ್ಮ ನನಗೂ ಹೇಳಿರಲಿಲ್ಲ. ಹಿಂದಿನ ದಿನ ಡೆಟ್ರಾಯಿಟಿನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದವನು, ಬೆಳಗ್ಗೆ ನಮ್ಮ ಮನೆಯಲ್ಲಿ ಕೌಸಲ್ಯಾ ಕೊಟ್ಟ ಉಪ್ಪಿಟ್ಟನ್ನು “ಆಮೇಲೆ” ಎಂದು ತಳ್ಳಿಬಿಟ್ಟಿದ್ದ. ಗಾಬರಿಗೆ ಹಸಿವಿಲ್ಲವೇನೋ ಅಂದುಕೊಂಡಿದ್ದೆವು.

ಕರ್ನಲನ ಕೈ ಗಾಳಿಯಲ್ಲೇ ನಿಂತಿತು. ಮೇಜರ್ ಲಗುಬಗೆಯಿಂದ ಕಡತದ ಕೊನೆಯ ಪುಟ ತೆಗೆದು, ‘ಈ ಮಾತಿಗೆ ಅರ್ಥವಿಲ್ಲ’ ಎಂಬ ಸಾಲಿನ ಮೇಲೆ ಬೆರಳಿಟ್ಟ. ಕರ್ನಲ್ ಅದನ್ನು ಓದಿದ. ತನ್ನ ಕಪ್ಪನ್ನೂ ಕೆಳಗಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಐವರೂ ಕಪ್ಪು ಕೆಳಗಿಟ್ಟರು. ನೊವಾಕ್ ನನ್ನ ತೋಳು ಹಿಂಡಿದ ಗುರುತು ಇನ್ನೂ ಇದೆ.

ತೀರ್ಪು ಅಂಚೆಯಲ್ಲಿ ಬರುತ್ತದಂತೆ. ಬಾಗಿಲ ಹತ್ತಿರ ಕರ್ನಲ್ ನಿಮ್ಮ ಪಂಚಾಂಗವನ್ನು ಎರಡು ಕೈಯಲ್ಲೂ ಹಿಡಿದು ಹಿಂದಿರುಗಿಸಿದ. “ಇದನ್ನು ಇಟ್ಟುಕೊಂಡಿದ್ದ ತಾಯಿಗೆ ನನ್ನ ಸಲ್ಯೂಟ್ ಹೇಳು” ಎಂದ. ಹೇಳಿದ್ದೇನೆ.

ನಿಮ್ಮ ಮನೆಯಲ್ಲಿ ಬೆಳೆದ,
ಮೌಳಿ

*

ಡಿಯರ್‌ಬಾರ್ನ್
9 ಜುಲೈ 1977

ಮೌಳಿ,

ಬಂತು.

ಗುರುವಾರ ಕೆಲಸದಿಂದ ಮನೆಗೆ ಬಂದಾಗ ಪದ್ಮಜಾ ಕಂದು ಬಣ್ಣದ ಕವರನ್ನು ದೇವರ ಮುಂದೆ ಒಡೆಯದೆ ಇಟ್ಟು, ದೀಪ ಹಚ್ಚಿ ಕಾಯುತ್ತಿದ್ದಳು. ಆನರಬಲ್. ಆ ಅಂಕೆ ಇಲ್ಲ, ‘ವಿಕಾರ’ವೂ ಇಲ್ಲ. ಸೇವೆ ಸಲ್ಲಿಸಿದ ತಿಂಗಳುಗಳು ಇವೆ, ಗುರಿ ಹೊಡೆದದ್ದಕ್ಕೆ ಕೊಟ್ಟ ಪದಕದ ಹೆಸರೂ ಇದೆ. ಜೊತೆಗೆ ತೀರ್ಪಿನ ಒಂದು ಪುಟ. ಅದರ ಕೊನೆಯ ವಾಕ್ಯವನ್ನು ನಿನಗೆ ಕನ್ನಡದಲ್ಲಿ ಹೇಳುತ್ತೇನೆ: ‘ಅರ್ಜಿದಾರನ ಮಾತಿಗೆ ಅರ್ಥವಿತ್ತು.’

ಮಾರನೆಯ ದಿನವೇ ಆ ಕಾಗದ ಹಿಡಿದು ಒಂದು ಕಡೆ ಎಂಜಿನಿಯರ್ ಕೆಲಸಕ್ಕೆ ಅಪ್ಲೈ ಮಾಡಿದೆ. ಎದುರಿಗೆ ಕೂತವನು ಕಾಗದ ನೋಡಿದ, ನನ್ನ ಮುಖ ನೋಡಿದ, ಮುಂದಿನ ಪ್ರಶ್ನೆ ಕೇಳಿದ. ಮುಖ ಬದಲಾಗಲಿಲ್ಲ. ಆ ಒಂದು ನಿಮಿಷ ಹೇಗಿತ್ತೆಂದು ಬರೆಯಲು ನನಗೆ ಬಾರದು. ನೀನಾಗಿದ್ದರೆ ಎರಡು ಹಾಳೆ ಬರೆಯುತ್ತಿದ್ದೆ. ಕೆಲಸ ಅಲ್ಲೇ ಖಾತ್ರಿ ಮಾಡಿದರು, ಆಗಸ್ಟ್ ಒಂದಕ್ಕೆ ಸೇರುತ್ತೇನೆ.

ಪಂಚಾಂಗವನ್ನು ಅಮ್ಮನಿಗೆ ಹಿಂದಕ್ಕೆ ಕಳಿಸಿದೆ. ಸೆಪ್ಟೆಂಬರ್ 2ರ ಪಕ್ಕ, ‘ಯಾರಿಗೂ ಹೇಳಬಾರದು’ ಎಂದು ಅವಳು ಬರೆದದ್ದರ ಕೆಳಗೆ, ‘ಇನ್ನು ಎಲ್ಲರಿಗೂ ಹೇಳಬಹುದು’ ಎಂದು ಬರೆದಿದ್ದೇನೆ. ಮುಂದಿನ ಯುಗಾದಿಗೆ ಆನ್ ಆರ್ಬರಿನ ಆ ಹಾಲ್‌ನಲ್ಲಿ ನೀನೂ ಹೇಳು. ನಾನು ಮುಂದಿನ ಸಾಲಿನಲ್ಲಿ ಕೂತು ಒಬ್ಬಟ್ಟು ತಿನ್ನುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸವಿದೆ. ಈ ವರ್ಷದ ಪಂಚಾಂಗ ನೋಡಿದೆ, ಎರಡು ಬೀದಿಗಳದ್ದೂ. ಆಷಾಢದ ಪ್ರಥಮ ಏಕಾದಶಿ ಬೇರೆಯಾಗಿ ಬಿದ್ದಿದೆ. ನಿಮ್ಮದು ಜುಲೈ 26, ಮಂಗಳವಾರ. ನಮ್ಮದು ಮಾರನೆಯ ದಿನ. ರಜೆ ಹಾಕಿ ಕೌಸಲ್ಯಾ, ಇಂದು ಇಬ್ಬರನ್ನೂ ಕರೆದುಕೊಂಡು ಸೋಮವಾರವೇ ಹೊರಡು. ಬುಧವಾರ ನನಗೇನಾದರೂ ತಿನ್ನಿಸಲು ನೋಡಬೇಡ. ಏನು ಹೇಳುತ್ತೇನೆಂದು ನಿನಗೆ ಗೊತ್ತು.

ಮಂಗಳವಾರ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಹುಳಿಯನ್ನ ಇರುತ್ತದೆ. ಕೈ ಮೂಸಿ ನೋಡುವವರು ಇಲ್ಲಿ ಯಾರೂ ಇಲ್ಲ.

ನಿನ್ನ,
ಹಯ